ಎಲ್ಲಿ ಕೂರಿಸುವುದು? ರಾಮಾನುಜನ್ ಮತ್ತು ಅವರ ಮೂರು ಪ್ರವೇಶಗಳು

ಪ್ರತಿ ವರ್ಷ ಡಿಸೆಂಬರ್ 22ರ ಗಣಿತ ದಿನಾಚರಣೆಗೆ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಭಾಷಣಗಳನ್ನು ನಾನು ಓದಿ ತಿದ್ದಿಕೊಡುತ್ತೇನೆ. ಹತ್ತರಲ್ಲಿ ಒಂಬತ್ತರಲ್ಲಿ 1729ರ ಟ್ಯಾಕ್ಸಿ ಇರುತ್ತದೆ, ನಾಮಗಿರಿ ದೇವಿಯ ಕನಸು ಇರುತ್ತದೆ, ಇಂಗ್ಲಿಷಿನಲ್ಲಿ ನಪಾಸಾದ ಮೇಧಾವಿಯ ಕಥೆ ಇರುತ್ತದೆ. ಮಕ್ಕಳ ಮುಂದೆ ಹೇಳಲು ಅವು ಚೆನ್ನಾಗಿಯೇ ಇವೆ. ಆದರೆ ಶಿಕ್ಷಕರಾಗುವವರು ಶ್ರೀನಿವಾಸ ರಾಮಾನುಜನ್ ಅವರ ಜೀವನವನ್ನು ಬೇರೆ ಕಡೆಯಿಂದಲೂ ಓದಬೇಕು ಎಂದು ನನಗೆ ಅನ್ನಿಸುತ್ತದೆ. ಹೊಸದಾಗಿ ಬಂದು ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಈಗಾಗಲೇ ಏನು ಗೊತ್ತು, ಏನು ಗೊತ್ತಿಲ್ಲ, ಅವನನ್ನು ಯಾವ ಪಾಠಕ್ಕೆ ಕೂರಿಸಬೇಕು ಎಂಬ ಪ್ರಶ್ನೆ ಆ ಜೀವನದಲ್ಲಿ ಮೂರು ಸಲ ಎದುರಾಗಿದೆ. ಮೂರು ಸಲವೂ ಬೇರೆ ಬೇರೆ ಜನ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಸೇತುಬಂಧದ ಪೂರ್ವ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಹಿಡಿದು ತರಗತಿಗೆ ಹೋಗುವ ನಮಗೆ ಆ ಪ್ರಶ್ನೆ ಹೊಸದಲ್ಲ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ಈರೋಡಿನ ಅಜ್ಜಿಯ ಮನೆಯಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು, ತಾಯಿ ಕೋಮಲತ್ತಮ್ಮಾಳ್. ಟೌನ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ಹುಡುಗನ ಲೆಕ್ಕದ ಕೈಚಳಕ ಎಲ್ಲರಿಗೂ ಗೊತ್ತಾಗಿತ್ತು. ಆ ಶಾಲೆಯಲ್ಲಿ ಸುಮಾರು 1,200 ವಿದ್ಯಾರ್ಥಿಗಳು, 35ರಷ್ಟು ಉಪಾಧ್ಯಾಯರು. ಯಾರು ಯಾವ ಹೊತ್ತಿಗೆ ಯಾವ ತರಗತಿಯಲ್ಲಿರಬೇಕು ಎಂಬ ವೇಳಾಪಟ್ಟಿಯನ್ನು ಒಂದಕ್ಕೊಂದು ಡಿಕ್ಕಿಯಾಗದಂತೆ ಹೊಂದಿಸುವ ಕೆಲಸವನ್ನು ಹಿರಿಯ ಗಣಿತ ಉಪಾಧ್ಯಾಯ ಗಣಪತಿ ಸುಬ್ಬಯ್ಯರ್ ಈ ಹುಡುಗನ ಕೈಗೆ ಕೊಟ್ಟಿದ್ದರು. ವೇಳಾಪಟ್ಟಿ ಹಾಕಿ ನೋಡಿದವರಿಗೆ ಅದೆಂಥ ತಲೆನೋವು ಎಂಬುದು ಗೊತ್ತಿರುತ್ತದೆ. ಇಡೀ ಶಾಲೆಗೆ ಜಾಗ ಹೊಂದಿಸಿಕೊಟ್ಟ ಹುಡುಗನಿಗೆ ಮುಂದೆ ತನ್ನದೇ ಜಾಗ ಸಿಗಲು ಒಂಬತ್ತು ವರ್ಷ ಬೇಕಾಯಿತು.

ಹದಿನಾರರ ಸುಮಾರಿಗೆ ಅವರ ಕೈಗೆ ಜಿ. ಎಸ್. ಕಾರ್ ಎಂಬುವರ ಒಂದು ದಪ್ಪ ಪುಸ್ತಕ ಬಂತು. ಕಾರ್ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಖಾಸಗಿ ಪಾಠದ ಮೇಷ್ಟ್ರು. ಪುಸ್ತಕದಲ್ಲಿ ಐದಾರು ಸಾವಿರ ಸೂತ್ರಗಳು, ಪ್ರಮೇಯಗಳು ಸಾಲಾಗಿ ಇವೆ. ಸಾಧನೆ ಎಂಬುದು ಇದ್ದರೆ ಒಂದೆರಡು ಸಾಲು, ಹಲವು ಕಡೆ ಅದೂ ಇಲ್ಲ. ಇವತ್ತಿನ ಗೈಡು ಪುಸ್ತಕದ ಹಿರಿಯಣ್ಣ ಎನ್ನಬಹುದು. ರಾಮಾನುಜನ್ ಆ ಸೂತ್ರಗಳನ್ನು ಬಾಯಿಪಾಠ ಮಾಡುವ ಬದಲು ಒಂದೊಂದನ್ನೂ ತಾವೇ ಸಾಧಿಸುತ್ತ ಹೋದರು, ಅಲ್ಲಿಂದ ಮುಂದಕ್ಕೂ ಹೋದರು. ಆದರೆ ಗಣಿತ ಬರೆಯುವುದೆಂದರೆ ಫಲಿತಾಂಶ ಬರೆಯುವುದು ಎಂಬ ಅಭ್ಯಾಸವೂ ಅಲ್ಲಿಂದಲೇ ಬಂತು. ಪುಸ್ತಕದಲ್ಲಿದ್ದ ಗಣಿತವೂ ಹಳೆಯದು. ಯುರೋಪಿನಲ್ಲಿ ಆಗಲೇ ನೆಲೆಗೊಂಡಿದ್ದ ಸಂಕೀರ್ಣ ಚರಗಳ ಫಲನ ಸಿದ್ಧಾಂತ ಅದರಲ್ಲಿ ಹೆಸರಿಗೆ ಮಾತ್ರ. ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದರ ನಕ್ಷೆ ಹೆಚ್ಚುಕಡಿಮೆ ಈ ಒಂದು ಪುಸ್ತಕದಲ್ಲೇ ಸಿಗುತ್ತದೆ.

1904ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಯಿತು. ಗಣಿತಕ್ಕೆ ರಂಗನಾಥ ರಾವ್ ಬಹುಮಾನ, ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಓದಲು ಸುಬ್ರಹ್ಮಣ್ಯಂ ವಿದ್ಯಾರ್ಥಿವೇತನ ಎರಡೂ ದೊರೆತವು. ಇದು ಮೊದಲ ಪ್ರವೇಶ. ಎಫ್.ಎ. ತರಗತಿಯಲ್ಲಿ ಇಂಗ್ಲಿಷ್, ಗಣಿತ, ಶರೀರಶಾಸ್ತ್ರ, ಗ್ರೀಕ್ ಮತ್ತು ರೋಮನ್ ಇತಿಹಾಸ, ಸಂಸ್ಕೃತ ಎಲ್ಲರಿಗೂ ಕಡ್ಡಾಯ. ಎಲ್ಲದರಲ್ಲೂ ಪಾಸಾಗಬೇಕು. ಉಳಿದ ಪಾಠಗಳ ಹೊತ್ತಿನಲ್ಲೂ ರಾಮಾನುಜನ್ ಗಣಿತವನ್ನೇ ಮಾಡುತ್ತ ಕೂತರು. ಇಂಗ್ಲಿಷ್ ಪ್ರಬಂಧದಲ್ಲಿ ನಪಾಸಾದರು, ವಿದ್ಯಾರ್ಥಿವೇತನ ಹೋಯಿತು. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣದ ಕಡೆಗೆ ಓಡಿಹೋದರು.

ಇಲ್ಲಿ ನಮ್ಮ ಭಾಷಣಗಳು ಕಾಲೇಜನ್ನು ಬೈದು ಮುಂದೆ ಹೋಗುತ್ತವೆ. ನನಗೆ ಅಷ್ಟು ಸುಲಭವಾಗಿ ಬೈಯಲು ಆಗುವುದಿಲ್ಲ. ಇಂಗ್ಲಿಷ್ ಕಲಿಯಿರಿ ಎಂದದ್ದು ತಪ್ಪಲ್ಲ. ಮುಂದೆ ಕೇಂಬ್ರಿಜ್ಜಿಗೆ ಪತ್ರ ಬರೆಯಲು ಬೇಕಾದದ್ದು ಆ ಭಾಷೆಯೇ. ನನ್ನ ತಕರಾರು ಬೇರೆ. ವಿದ್ಯಾರ್ಥಿಗೆ ಬಹುಮಾನ ಕೊಟ್ಟವರಿಗೂ ಮುಂದೆ ಪಾಠ ಹೇಳಬೇಕಾದವರಿಗೂ ನಡುವೆ ಮಾಹಿತಿ ಹರಿಯಲೇ ಇಲ್ಲ. ಪೂರ್ಣಾಂಕಕ್ಕಿಂತ ಹೆಚ್ಚು ಕೊಡಬೇಕಾದ ವಿದ್ಯಾರ್ಥಿ ಎಂದು ಬಹುಮಾನ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯ ಕೃಷ್ಣಸ್ವಾಮಿ ಅಯ್ಯರ್ ಮೆಚ್ಚಿ ಮಾತಾಡಿದ್ದರು. ಅದೇ ಹುಡುಗ ಕಾಲೇಜಿಗೆ ಹೋದಾಗ ಅವನು ಆಗಲೇ ದಾಟಿ ಬಂದಿದ್ದ ಗಣಿತದ ತರಗತಿಗೂ, ಇನ್ನೂ ಮುಟ್ಟದಿದ್ದ ಶರೀರಶಾಸ್ತ್ರದ ತರಗತಿಗೂ ಒಂದೇ ಅಳತೆಯಲ್ಲಿ ಕೂರಿಸಿದರು. ಒಂದು ಕಡೆ ಕಲಿಯಲು ಏನೂ ಇಲ್ಲ, ಇನ್ನೊಂದು ಕಡೆ ಹಿಡಿದು ಕೂರಿಸಿ ಕಲಿಸುವವರು ಯಾರೂ ಇಲ್ಲ.

1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜು ಸೇರಿದರು. ಅಲ್ಲಿ ಸಿಂಗಾರವೇಲು ಮೊದಲಿಯಾರ್ ಎಂಬ ಹಿರಿಯ ಗಣಿತ ಪ್ರಾಧ್ಯಾಪಕರು ಗಣಿತ ಪತ್ರಿಕೆಗಳಲ್ಲಿ ಬರುತ್ತಿದ್ದ ಕಠಿಣ ಸಮಸ್ಯೆಗಳನ್ನು ಈ ವಿದ್ಯಾರ್ಥಿಯ ಜೊತೆ ಕೂತು ಬಿಡಿಸುತ್ತಿದ್ದರು. ಅಷ್ಟರ ಮಟ್ಟಿಗೆ ಯಾರೋ ಒಬ್ಬರು ಸರಿಯಾದ ಜಾಗ ಗುರುತಿಸಿದ್ದರು. ಆದರೆ ಎಫ್.ಎ. ನಿಯಮ ಅದೇ. ಕಾಯಿಲೆಯೂ ಬಿತ್ತು. 1906ರ ಡಿಸೆಂಬರಿನಲ್ಲಿ ನಪಾಸು, ಮರುವರ್ಷ ಖಾಸಗಿಯಾಗಿ ಕಟ್ಟಿ ಮತ್ತೆ ನಪಾಸು. ಪದವಿ ಇಲ್ಲ, ಕೆಲಸ ಇಲ್ಲ. 1909ರಲ್ಲಿ ಜಾನಕಿಯೊಂದಿಗೆ ಮದುವೆ. ಮುಂದಿನ ವರ್ಷ ಕೈಯಲ್ಲಿ ನೋಟ್‌ಬುಕ್ ಹಿಡಿದು ಕೆಲಸ ಕೇಳುತ್ತ ತಿರುಗಾಟ. ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದ ವಿ. ರಾಮಸ್ವಾಮಿ ಅಯ್ಯರ್ ಆಗ ತಿರುಕೋಯಿಲೂರಿನಲ್ಲಿ ಕಂದಾಯ ಇಲಾಖೆಯ ಅಧಿಕಾರಿ. ನೋಟ್‌ಬುಕ್ ನೋಡಿದ ಅವರು ತಮ್ಮ ಕಚೇರಿಯಲ್ಲಿ ಕಾರಕೂನನಾಗಿ ಕೂರಿಸಲು ಒಪ್ಪಲಿಲ್ಲ, ಮದರಾಸಿನ ಗಣಿತಜ್ಞರಿಗೆ ಪರಿಚಯ ಪತ್ರ ಕೊಟ್ಟು ಕಳಿಸಿದರು. ಕೆಲಸ ಕೇಳಲು ಬಂದವನಿಗೆ ಕೆಲಸ ನಿರಾಕರಿಸುವುದೂ ಒಂದು ಬಗೆಯ ಸ್ಥಾನ ನಿರ್ಣಯ ಎನ್ನಬೇಕು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಟ್ಟು ಕೆಲವು ಕಾಲ ನಡೆಸಿದರು. 1911ರಲ್ಲಿ ಬರ್ನೂಲಿ ಸಂಖ್ಯೆಗಳ ಮೇಲಿನ ಮೊದಲ ಲೇಖನ ಅಚ್ಚಾಯಿತು. 1912ರ ಮಾರ್ಚಿನಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಗಿರಿ ಸಿಕ್ಕಿತು.

ಈಗ ಪರೀಕ್ಷಕರ ಕಥೆಗೆ ಬರೋಣ, ನಮಗೆ ಬೇಕಾದ ಭಾಗ ಇಲ್ಲಿದೆ. 1912ರ ಕೊನೆಯಲ್ಲಿ ರಾಮಾನುಜನ್ ಅವರ ಕೆಲವು ಫಲಿತಾಂಶಗಳನ್ನು ಲಂಡನ್ ಯೂನಿವರ್ಸಿಟಿ ಕಾಲೇಜಿನ ಪ್ರೊಫೆಸರ್ ಹಿಲ್ ಅವರಿಗೆ ಕಳಿಸಲಾಯಿತು. ಅವುಗಳಲ್ಲಿ ಒಂದು, 1+2+3+4 ಹೀಗೆ ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಋಣ ಹನ್ನೆರಡನೇ ಒಂದು ಎಂಬುದು. ಹಿಲ್ ಅದನ್ನು ಕಂಡು, ಇವರಿಗೆ ಗಣಿತದ ಒಲವಿದೆ, ಆದರೆ ಅಪಸಾರಿ ಶ್ರೇಣಿಗಳ ಹಳ್ಳಕ್ಕೆ ಬಿದ್ದಿದ್ದಾರೆ, ಬ್ರಾಮ್‌ವಿಚ್ ಅವರ ಪುಸ್ತಕ ಓದಲಿ ಎಂದು ಸಲಹೆ ಕೊಟ್ಟರು. ಪ್ರಾಮಾಣಿಕವಾದ, ಉಪಯುಕ್ತವಾದ ಸಲಹೆಯೇ. ಉತ್ತರದ ಮುಂದೆ ತಪ್ಪು ಗುರುತು ಹಾಕಿ, ಯಾವ ಪಾಠ ಓದಬೇಕು ಎಂದೂ ಬರೆದುಕೊಟ್ಟ ಉಪಾಧ್ಯಾಯರು ಅವರು. ಆದರೆ ಆ ವಿಚಿತ್ರ ಉತ್ತರ ಯಾವ ದಾರಿಯಿಂದ ಬಂತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಲಿಲ್ಲ.

1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಜಿ. ಎಚ್. ಹಾರ್ಡಿ ಅವರಿಗೆ ಬರೆದರು. ಅದಕ್ಕೆ ಮುಂಚೆ ಇನ್ನಿಬ್ಬರು ಪ್ರಸಿದ್ಧರಿಗೆ ಬರೆದು ಪ್ರಯೋಜನವಾಗಿರಲಿಲ್ಲ. ಪತ್ರದ ಜೊತೆ ನೂರಕ್ಕೂ ಮೀರಿ ಫಲಿತಾಂಶಗಳು, ಸಾಧನೆ ಯಾವುದಕ್ಕೂ ಇಲ್ಲ. ಹಾರ್ಡಿ ತಮ್ಮ ಗೆಳೆಯ ಲಿಟಲ್‌ವುಡ್ ಅವರನ್ನು ಕರೆಸಿಕೊಂಡು ಸಂಜೆಯೆಲ್ಲ ಆ ಹಾಳೆಗಳ ಮುಂದೆ ಕೂತರು. ಫೆಬ್ರವರಿ 8ರ ಉತ್ತರದಲ್ಲಿ ಅವರು ಆ ಫಲಿತಾಂಶಗಳನ್ನು ಮೂರು ಗುಂಪು ಮಾಡಿದ್ದರು. ಮೊದಲನೆಯದು, ಆಗಲೇ ಗೊತ್ತಿರುವುವು ಅಥವಾ ಗೊತ್ತಿರುವುದರಿಂದ ಸುಲಭವಾಗಿ ಬರುವುವು. ಎರಡನೆಯದು, ಹೊಸವು, ಕುತೂಹಲಕರ, ಕಠಿಣ, ಆದರೆ ಅಷ್ಟೊಂದು ಮಹತ್ವದ್ದಲ್ಲ. ಮೂರನೆಯದು, ಹೊಸವು ಮತ್ತು ಮಹತ್ವದವು. ಮೂರಕ್ಕೂ ಸಾಧನೆ ಕಳಿಸಿ ಎಂದು ಕೇಳಿಕೊಂಡಿದ್ದರು.

ನೈದಾನಿಕ ಪರೀಕ್ಷೆಯ ದಾಖಲೆ ಪುಸ್ತಕ ಬರೆಯುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಈ ಉತ್ತರವನ್ನು ವಿವರಿಸಿ ಹೇಳುತ್ತೇನೆ. ನಮ್ಮ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸರಿ ಎಷ್ಟು, ತಪ್ಪು ಎಷ್ಟು, 25ಕ್ಕೆ ಎಷ್ಟು ಅಂಕ, ಅಷ್ಟೇ. ಹಾರ್ಡಿ ಅಂಕ ಕೊಡಲಿಲ್ಲ, ವಿಂಗಡಿಸಿದರು. ತಪ್ಪುಗಳನ್ನೂ ಹಾಗೆಯೇ ಓದಿದರು. ಅವಿಭಾಜ್ಯ ಸಂಖ್ಯೆಗಳನ್ನು ಎಣಿಸಲು ರಾಮಾನುಜನ್ ಒಂದು ಸೂತ್ರ ಕೊಟ್ಟಿದ್ದರು. ಅವರು ಹೇಳಿಕೊಂಡಷ್ಟು ನಿಖರವಾಗಿ ಅದು ನಿಲ್ಲುವುದಿಲ್ಲ. ಎಲ್ಲಿ ಎಡವಿದ್ದಾರೆ ಎಂದು ನೋಡಿದರೆ, ಝೀಟಾ ಫಲನದ ಸಂಕೀರ್ಣ ಶೂನ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಂದರೆ ಇವರಿಗೆ ಸಂಕೀರ್ಣ ಚರಗಳ ಗಣಿತ ಯಾರೂ ಕಲಿಸಿಲ್ಲ. ವಿದ್ಯಾರ್ಥಿ ಹಡಗು ಹತ್ತುವ ಒಂದು ವರ್ಷ ಮೊದಲೇ, ಮುಖ ನೋಡುವ ಮೊದಲೇ, ಯಾವ ಪಾಠ ಬಿಟ್ಟುಹೋಗಿದೆ ಎಂಬುದು ಉಪಾಧ್ಯಾಯರಿಗೆ ಗೊತ್ತಾಗಿತ್ತು. ಹಿಲ್ ಅವರನ್ನು ದಿಗಿಲುಗೊಳಿಸಿದ ಋಣ ಹನ್ನೆರಡನೇ ಒಂದು ಹಾರ್ಡಿ ಅವರಿಗೂ ಬಂತು. ಇದನ್ನು ಹೇಳಿದರೆ ನನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತೀರಿ ಎಂಬರ್ಥದ ಹಾಸ್ಯವನ್ನು ರಾಮಾನುಜನ್ ತಮ್ಮ ಎರಡನೇ ಪತ್ರದಲ್ಲಿ ತಾವೇ ಸೇರಿಸಿದ್ದರು. ತಮ್ಮದೇ ಆದ ಒಂದು ಸಿದ್ಧಾಂತದಲ್ಲಿ ಆ ಮೊತ್ತಕ್ಕೆ ಅರ್ಥವಿತ್ತು.

ಎರಡನೇ ಪ್ರವೇಶ ಮದರಾಸು ವಿಶ್ವವಿದ್ಯಾನಿಲಯದ್ದು. ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಬಂದರಿಗೆ ಬಂದಿದ್ದರು. ಅವರೂ ಹಿಂದೆ ಟ್ರಿನಿಟಿಯಲ್ಲಿದ್ದ ಗಣಿತಜ್ಞರು. ನೋಟ್‌ಬುಕ್ ನೋಡಿ ವಿಶ್ವವಿದ್ಯಾನಿಲಯಕ್ಕೆ ಬರೆದರು. ಆದರೆ ಸಂಶೋಧನಾ ವೇತನ ಸ್ನಾತಕೋತ್ತರ ಪದವೀಧರರಿಗೆ ಮಾತ್ರ, ಇವರಿಗೆ ಎಫ್.ಎ. ಕೂಡ ಆಗಿಲ್ಲ. ಸಿಂಡಿಕೇಟ್ ಸಭೆಯಲ್ಲಿ ಈ ಆಕ್ಷೇಪ ಬಂದಾಗ ನ್ಯಾಯಮೂರ್ತಿ ಸುಂದರ ಅಯ್ಯರ್, ವಿಶ್ವವಿದ್ಯಾನಿಲಯದ ಕಾಯಿದೆಯ ಪೀಠಿಕೆಯಲ್ಲೇ ಸಂಶೋಧನೆಗೆ ಪ್ರೋತ್ಸಾಹ ಕೊಡುವುದು ಅದರ ಉದ್ದೇಶವೆಂದು ಇದೆಯಲ್ಲ ಎಂದು ನೆನಪಿಸಿದರು. ತಿಂಗಳಿಗೆ 75 ರೂಪಾಯಿಯ ವೇತನ ಎರಡು ವರ್ಷಕ್ಕೆ ಮಂಜೂರಾಯಿತು. ಮೂರು ತಿಂಗಳಿಗೊಮ್ಮೆ ವರದಿ ಕೊಟ್ಟರೆ ಸಾಕು. ಯಾವ ಎಫ್.ಎ. ನಿಯಮ ಅವರನ್ನು ಎರಡು ಕಾಲೇಜುಗಳಿಂದ ಹೊರಗಿಟ್ಟಿತ್ತೋ ಅದು ಅಲ್ಲೇ ಇತ್ತು. ನಿಯಮದ ಉದ್ದೇಶವನ್ನು ಓದಿದ ಒಬ್ಬರು ಈ ಸಲ ಸಭೆಯಲ್ಲಿದ್ದರು. ಸಮಿತಿಗಳಲ್ಲಿ ಕೂರುವ ನಮ್ಮಂಥವರಿಗೆ ನೆನಪಿರಲಿ ಎಂದು ಇದನ್ನು ಸ್ವಲ್ಪ ಬಿಡಿಸಿ ಬರೆದೆ.

ಕಡಲು ದಾಟುವ ವಿಷಯದಲ್ಲಿ ಮನೆಯವರ ವಿರೋಧವಿತ್ತು. 1914ರ ಆರಂಭದಲ್ಲಿ ಉಪನ್ಯಾಸ ಕೊಡಲು ಮದರಾಸಿಗೆ ಬಂದಿದ್ದ ಟ್ರಿನಿಟಿಯ ನೆವಿಲ್ ಆ ಹೊತ್ತಿಗೆ ಮಾತಾಡಿ ಒಪ್ಪಿಸಿದರು. ವಿಶ್ವವಿದ್ಯಾನಿಲಯ ವರ್ಷಕ್ಕೆ 250 ಪೌಂಡ್ ವೇತನ ಕೊಟ್ಟಿತು. ಅದರಲ್ಲಿ 50 ಪೌಂಡ್ ಮನೆಗೆ. ಮಾರ್ಚ್ 17ರಂದು ನೆವಾಸಾ ಎಂಬ ಹಡಗು ಹೊರಟಿತು, ಏಪ್ರಿಲ್ 14ಕ್ಕೆ ಲಂಡನ್ ಮುಟ್ಟಿತು. ಕೆಲವು ದಿನಗಳಲ್ಲಿ ಕೇಂಬ್ರಿಜ್. ಮೊದಲ ಕೆಲವು ವಾರ ನೆವಿಲ್ ಅವರ ಮನೆಯಲ್ಲೇ ವಾಸ.

ಮೂರನೇ ಪ್ರವೇಶದ ಪ್ರಶ್ನೆ ಹಾರ್ಡಿ ಅವರ ಮೇಜಿನ ಮೇಲೆ ಬಂತು. ವಿದ್ಯಾರ್ಥಿಗೆ 26 ವರ್ಷ. ಸತತ ಭಿನ್ನರಾಶಿಗಳಲ್ಲಿ ಜಗತ್ತಿನ ಯಾವ ಗಣಿತಜ್ಞನನ್ನೂ ಮೀರಿಸಿದವರು. ಆದರೆ ಅಲ್ಲಿನ ಪದವಿ ವಿದ್ಯಾರ್ಥಿಗೆ ಗೊತ್ತಿರುವ ಕೋಶಿ ಪ್ರಮೇಯದ ಹೆಸರನ್ನೇ ಕೇಳಿಲ್ಲ. ಸಾಧನೆ ಎಂದರೆ ಏನು ಎಂಬ ಕಲ್ಪನೆಯೇ ಮಸುಕು. ಇವರನ್ನು ಪದವಿ ತರಗತಿಗೆ ಹಾಕಿ ಮೊದಲಿಂದ ಕಲಿಸಬೇಕೆ, ಇಲ್ಲ ಹೇಗಿದ್ದಾರೋ ಹಾಗೇ ಬಿಡಬೇಕೆ? ಕ್ರಮವಾಗಿ ಕೂರಿಸಿ ಕಲಿಸಿದರೆ ಆತ್ಮವಿಶ್ವಾಸ ಮುರಿದು, ಹೊಳಹು ನಿಂತುಹೋದೀತು ಎಂಬ ಭಯ ಹಾರ್ಡಿ ಅವರಿಗೆ. ಝೀಟಾ ಫಲನದ ಶೂನ್ಯಗಳ ಬಗ್ಗೆ ತಪ್ಪು ತಿಳಿದುಕೊಂಡೇ ಬದುಕಲಿ ಎಂದು ಬಿಡಲೂ ಆಗದು.

ಹಾರ್ಡಿ ಅವರಿಗೆ ಇದರ ಸ್ವಂತ ಅನುಭವ ಇತ್ತು. 1898ರ ಟ್ರೈಪಾಸ್ ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ಬಂದಿದ್ದರೂ ಆ ತಯಾರಿಯ ಗಾಣ ಅವರಿಗೆ ಬೇಸರ ತರಿಸಿತ್ತು. ಲವ್ ಎಂಬ ಪ್ರಾಧ್ಯಾಪಕರು ಜೋರ್ಡನ್ ಅವರ ಫ್ರೆಂಚ್ ಪುಸ್ತಕ ಓದು ಎಂದಾಗಲೇ ಗಣಿತ ಎಂದರೇನು ಎಂದು ತಮಗೆ ತಿಳಿದದ್ದು ಎಂದು ಅವರು ಹೇಳಿಕೊಂಡಿದ್ದಾರೆ. ಟ್ರೈಪಾಸ್‌ನಲ್ಲಿ ಶ್ರೇಯಾಂಕ ಪಟ್ಟಿ ಪ್ರಕಟಿಸುವ ಪದ್ಧತಿ 1909ಕ್ಕೆ ಕೊನೆಗೊಂಡಿತು, ಆ ಸುಧಾರಣೆಗೆ ಒತ್ತಾಯಿಸಿದವರಲ್ಲಿ ಅವರೂ ಇದ್ದರು. ಅಂಥವರು ರಾಮಾನುಜನ್ ಅವರನ್ನು ಟ್ರೈಪಾಸ್ ಸಾಲಿನಲ್ಲಿ ನಿಲ್ಲಿಸಲಿಲ್ಲ. ಬೇಕಾದ ಅರ್ಹತೆ ಇಲ್ಲದಿದ್ದರೂ ವಿಶೇಷ ಅನುಮತಿಯಿಂದ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಸಿದರು. ಕೆಲವು ಉಪನ್ಯಾಸಗಳಿಗೆ ಹೋಗಿ ಕೂರಬಹುದು. ಬಿಟ್ಟುಹೋದದ್ದನ್ನು ಕೆಲಸದ ನಡುವೆಯೇ ಕಲಿಸುವುದು. ಆ ಕೆಲಸ ಮೊದಲು ಲಿಟಲ್‌ವುಡ್ ಅವರ ಪಾಲಿಗೆ ಬಂತು. ಒಂದು ವಿಷಯ ಎತ್ತಿಕೊಂಡರೆ ಸಾಕು, ರಾಮಾನುಜನ್ ಅದರ ಮೇಲೆ ಹೊಸ ಹೊಸ ವಿಚಾರಗಳನ್ನು ಸುರಿಯುತ್ತಿದ್ದರು, ಎತ್ತಿಕೊಂಡ ಪಾಠ ಅಲ್ಲೇ ನಿಲ್ಲುತ್ತಿತ್ತು. ಯುದ್ಧ ಶುರುವಾದ ಮೇಲೆ ಲಿಟಲ್‌ವುಡ್ ಸೈನ್ಯಕ್ಕೆ ಹೋದರು, ಹಾರ್ಡಿ ಒಬ್ಬರೇ ಉಳಿದರು.

ಆರ್ಥರ್ ಬೆರಿ ಅವರ ತರಗತಿಯ ಒಂದು ಪ್ರಸಂಗ ದಾಖಲಾಗಿದೆ. ದೀರ್ಘವೃತ್ತೀಯ ಅನುಕಲಗಳ ಪಾಠ. ಬೆರಿ ಹಲಗೆಯ ಮೇಲೆ ಸೂತ್ರಗಳನ್ನು ಬಿಡಿಸುತ್ತಿದ್ದರು. ಕೂತಿದ್ದ ರಾಮಾನುಜನ್ ಅವರ ಮುಖ ಅರಳಿದ್ದು ನೋಡಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ರಾಮಾನುಜನ್ ಎದ್ದು ಬಂದು, ಬೆರಿ ಇನ್ನೂ ಸಾಧಿಸಬೇಕಾಗಿದ್ದ ಫಲಿತಾಂಶಗಳನ್ನು ಹಲಗೆಯ ಮೇಲೆ ಬರೆದರು. ಬೋಧನಾಭ್ಯಾಸದಲ್ಲಿ ಇಂಥದ್ದು ನಡೆದರೆ ಪಾಠ ಯೋಜನೆ ಕೆಟ್ಟಿತು ಎಂದು ನಮ್ಮವರು ಗಾಬರಿಯಾಗುತ್ತಾರೆ. ಬೆರಿ ಅವರು ಮುಖ ಓದಿದರು, ಸೀಮೆಸುಣ್ಣ ಕೈಗೆ ಕೊಟ್ಟರು.

ಹೀಗೆ ಕೂರಿಸಿದ್ದರ ಫಲವನ್ನು ಎರಡು ಕಡೆ ಕಾಣಬಹುದು. 1915ರಲ್ಲಿ ಬಂದ ದೊಡ್ಡ ಪ್ರಬಂಧ ತನಗಿಂತ ಚಿಕ್ಕ ಸಂಖ್ಯೆಗಳೆಲ್ಲಕ್ಕಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಗಳ ಮೇಲೆ. 12ಕ್ಕೆ ಆರು ಭಾಜಕಗಳು, 24ಕ್ಕೆ ಎಂಟು, ನಡುವಿನ ಯಾವುದಕ್ಕೂ ಆರಕ್ಕಿಂತ ಹೆಚ್ಚಿಲ್ಲ. ಇಷ್ಟನ್ನು ಆರನೇ ತರಗತಿಯಲ್ಲಿ ಮಾಡಿಸಬಹುದು, ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡಿಸಿಯೂ ಇದ್ದಾರೆ, ಮಕ್ಕಳು 36, 48, 60 ಎಂದು ತಾವೇ ಮುಂದುವರಿಯುತ್ತಾರೆ. ರಾಮಾನುಜನ್ ಅವರ ಪಟ್ಟಿ 67,46,32,83,88,800ರವರೆಗೆ ಹೋಗುತ್ತದೆ. ಅದಕ್ಕೆ 10,080 ಭಾಜಕಗಳು. ಆ ಪಟ್ಟಿಯಲ್ಲಿ 2,93,31,86,25,600 ಎಂಬ ಒಂದು ಸಂಖ್ಯೆ ಬಿಟ್ಟುಹೋಗಿದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಖುಷಿಯೋ ಖುಷಿ. ಈ ಕೆಲಸದ ಮೇಲೆ 1916ರ ಮಾರ್ಚಿನಲ್ಲಿ ಕೇಂಬ್ರಿಜ್ ಅವರಿಗೆ ಸಂಶೋಧನೆಯ ಮೂಲಕ ಬಿ.ಎ. ಪದವಿ ಕೊಟ್ಟಿತು. ಎಫ್.ಎ. ಮಾತ್ರ ಕೊನೆಯವರೆಗೂ ಆಗಲೇ ಇಲ್ಲ.

ಇನ್ನೊಂದು 1918ರಲ್ಲಿ ಹಾರ್ಡಿ ಜೊತೆ ಬರೆದ ವಿಭಜನೆಗಳ ಪ್ರಬಂಧ. 4ನ್ನು ಐದು ರೀತಿಯಲ್ಲಿ ಒಡೆಯಬಹುದು: 4, 3+1, 2+2, 2+1+1, 1+1+1+1. 200ನ್ನು ಎಷ್ಟು ರೀತಿಯಲ್ಲಿ? 39,72,99,90,29,388. ಮ್ಯಾಕ್‌ಮಹೋನ್ ಕೈಯಲ್ಲಿ ಲೆಕ್ಕ ಹಾಕಿ ತೆಗೆದ ಈ ಸಂಖ್ಯೆಗೆ ಅವರ ಸೂತ್ರ ಅದ್ಭುತವಾಗಿ ಹೊಂದಿತು. ಆ ಸೂತ್ರಕ್ಕೆ ಹೋಗುವ ದಾರಿ ಕೋಶಿ ಪ್ರಮೇಯದ ಮೂಲಕವೇ ಇದೆ. ನಾಲ್ಕು ವರ್ಷದ ಹಿಂದೆ ಹೆಸರನ್ನೇ ಕೇಳದಿದ್ದ ಪಾಠ, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಅವರ ಕೈಗೆ ಬಂದಿತ್ತು.

ಪಾಠದ ಮಟ್ಟಿಗೆ ಇಷ್ಟು ಚೆನ್ನಾಗಿ ಹೊಂದಿಸಿದವರು ಉಳಿದದ್ದನ್ನು ಅಷ್ಟಾಗಿ ಗಮನಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಚಳಿಗಾಲದಲ್ಲಿ ಕಿಂಗ್ಸ್ ಕಾಲೇಜಿನ ವಿದ್ಯಾರ್ಥಿ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಕೋಣೆಗೆ ಹೋದಾಗ, ರಾತ್ರಿ ಚಳಿ ತಡೆಯಲು ಕೋಟು ಹಾಕಿಕೊಂಡು ಶಾಲು ಹೊದ್ದು ಮಲಗುತ್ತೇನೆ ಎಂದರಂತೆ ರಾಮಾನುಜನ್. ಮಂಚದ ಮೇಲೆ ಕಂಬಳಿಗಳು ಇದ್ದವು, ಮೇಲುಹೊದಿಕೆಯ ಅಡಿಯಲ್ಲಿ ಬಿಗಿಯಾಗಿ ಸಿಕ್ಕಿಸಿಟ್ಟಿದ್ದವು. ಅವನ್ನು ಬಿಡಿಸಿ ಒಳಗೆ ಸೇರಿ ಮಲಗಬೇಕು ಎಂದು ಯಾರೂ ಹೇಳಿರಲಿಲ್ಲ. ಮಹಾಲನೋಬಿಸ್ ತೋರಿಸಿಕೊಟ್ಟರು. ಹೊಸಬರಿಗೆ ಮೊದಲ ವಾರದಲ್ಲೇ ಆಗಬೇಕಾದ ಪರಿಚಯ ಇದು. ಶುದ್ಧ ಸಸ್ಯಾಹಾರಿ, ಕೋಣೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುವವರು. ಯುದ್ಧಕಾಲದಲ್ಲಿ ಬೇಕಾದ ಸಾಮಾನು ಸಿಗುತ್ತಿರಲಿಲ್ಲ. 1917ರಲ್ಲಿ ಕಾಯಿಲೆ ಹಿಡಿಯಿತು, ಅಲ್ಲಿಂದ ಮುಂದೆ ಆಸ್ಪತ್ರೆಗಳಲ್ಲೇ ಹೆಚ್ಚು ಕಾಲ.

1918ರಲ್ಲಿ ರಾಯಲ್ ಸೊಸೈಟಿಯ ಫೆಲೋ, ಅದೇ ವರ್ಷ ಟ್ರಿನಿಟಿಯ ಫೆಲೋ. 1919ರ ಮಾರ್ಚಿನಲ್ಲಿ ಊರಿಗೆ ಮರಳಿದರು. ಮರುವರ್ಷ ಜನವರಿಯಲ್ಲಿ ಹಾಸಿಗೆಯಿಂದಲೇ ಹಾರ್ಡಿ ಅವರಿಗೆ ಹೊಸ ಬಗೆಯ ಥೀಟಾ ಫಲನಗಳ ಬಗ್ಗೆ ಬರೆದರು. 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡಾಗ 32 ವರ್ಷ.

ಅವರು ತೀರಿಕೊಂಡ ಮರುವರ್ಷ ಬರೆದ ನುಡಿನಮನದಲ್ಲಿ ಹಾರ್ಡಿ, ಚಿಕ್ಕಂದಿನಲ್ಲಿ ಸರಿಯಾದ ಶಿಕ್ಷಣ ಸಿಕ್ಕಿದ್ದರೆ ರಾಮಾನುಜನ್ ಇನ್ನೂ ದೊಡ್ಡ ಗಣಿತಜ್ಞರಾಗುತ್ತಿದ್ದರೇನೋ, ಆದರೆ ಯುರೋಪಿನ ಪ್ರೊಫೆಸರಂತಾಗಿ ರಾಮಾನುಜನ್‌ತನ ಕಡಿಮೆಯಾಗುತ್ತಿತ್ತು, ನಷ್ಟವೇ ಹೆಚ್ಚಾಗುತ್ತಿತ್ತೇನೋ ಎಂಬರ್ಥದಲ್ಲಿ ಮುಗಿಸಿದ್ದರು. ನಮ್ಮ ಭಾಷಣಗಳಿಗೆ ಈ ಮಾತು ಬಹಳ ಇಷ್ಟ. ಆದರೆ ಸುಮಾರು ಹದಿನೈದು ವರ್ಷದ ನಂತರ ಕೊಟ್ಟ ಉಪನ್ಯಾಸಗಳಲ್ಲಿ ಹಾರ್ಡಿ ಅದನ್ನು ಬರಿಯ ಭಾವುಕತೆ ಎಂದು ತಾವೇ ತಳ್ಳಿಹಾಕಿದರು. ಕುಂಭಕೋಣದ ಕಾಲೇಜು ಅವರನ್ನು ಕೈಬಿಟ್ಟದ್ದರಿಂದ ಯಾವ ಲಾಭವೂ ಆಗಲಿಲ್ಲ, ಹದಿನೆಂಟರಿಂದ ಇಪ್ಪತ್ತೈದರ ನಡುವಿನ ವರ್ಷಗಳು ಹಾಳಾದದ್ದು ಅಕಾಲ ಮರಣಕ್ಕಿಂತಲೂ ದೊಡ್ಡ ದುರಂತ ಎಂದು ಅವರು ಲೆಕ್ಕ ಹಾಕಿದರು. ಆ ವರ್ಷಗಳಲ್ಲಿ ಸ್ಲೇಟಿನ ಮೇಲೆ ಗೀಚಿ, ಮೊಣಕೈಯಿಂದ ಒರೆಸಿ, ನೋಟ್‌ಬುಕ್ಕಿಗೆ ಇಳಿಸಿದ ಒಳ್ಳೆಯ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಯುರೋಪಿನಲ್ಲಿ ಬೇರೆಯವರು ಆಗಲೇ ಕಂಡುಹಿಡಿದಿದ್ದದ್ದು ಎಂಬುದು ಹಾರ್ಡಿ ಅವರ ಅಂದಾಜು.